ಟೋಪಿ ಹೊಸದಾಯ್ತು, ಠಾಣೆಗೆ ಮಂದಿ ಎಲ್ಲಿ?

2025ರ ಅಕ್ಟೋಬರ್‌ನಲ್ಲಿ ನಮ್ಮ ಪೇದೆಗಳ ತಲೆ ಮೇಲಿಂದ ಹಳೇ ಸ್ಲೌಚ್ ಹ್ಯಾಟು ಇಳಿಯಿತು, ಕಡುನೀಲಿ ಪೀಕ್ ಕ್ಯಾಪು ಬಂತು. ಒಳ್ಳೇದೇ ಆಯ್ತು. ಓಡುವಾಗ ಉರುಳಿ ಬೀಳುತ್ತಿದ್ದ ಆ ಟೋಪಿಗಾಗಿ ಯಾರೂ ಕಣ್ಣೀರು ಹಾಕಲಿಲ್ಲ. ಆದರೆ ಕೊಡೇಕಲ್ಲಿನಲ್ಲೋ ಕೆಂಭಾವಿಯಲ್ಲೋ ರಾತ್ರಿ ಎರಡು ಗಂಟೆಗೆ ಠಾಣೆ ಬಾಗಿಲಿಗೆ ಬಂದು ನಿಂತ ರೈತನಿಗೆ ಬೇಕಾದ್ದು ಟೋಪಿಯಲ್ಲ, ಅದರ ಕೆಳಗಿರೋ ಮನುಷ್ಯ.

'ಮಂದಿ ಸಿಗಂಗಿಲ್ಲ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಯಾದಗಿರಿ ಜಿಲ್ಲೆಯ ಯಾವ ತಾಲೂಕು ಮೈದಾನಕ್ಕಾದರೂ ನಸುಕಿನಲ್ಲಿ ಹೋಗಿ ನೋಡಿ. ಹುಡುಗರು ಬರಿಗಾಲಲ್ಲಿ ಓಡ್ತಿರ್ತಾರೆ. 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಹುಡುಗಿಯರಿಗೆ 400 ಮೀಟರ್, ಎರಡೇ ನಿಮಿಷ. ಆಮೇಲೆ ನೂರು ಅಂಕದ ಪರೀಕ್ಷೆ, ತಪ್ಪು ಬರೆದರೆ ಕಾಲು ಅಂಕ ಖೋತಾ. ಸಿವಿಲ್ ಪೇದೆಗೆ ಪಿಯುಸಿ ಆಗಿರಲೇಬೇಕು. (ಪಿಯುಸಿ ನಡುವೆ ಬಿಟ್ಟ ಈ ವರದಿಗಾರ ಅರ್ಜಿಯನ್ನೇ ಹಾಕುವಂತಿಲ್ಲ, ಆ ಮಾತು ಬೇರೆ.)

ಈ ಹುಡುಗರನ್ನು ಕಾಯಿಸಿದವರು ಯಾರು? ಒಳಮೀಸಲಾತಿ ಇತ್ಯರ್ಥ ಆಗುವ ತನಕ ಹೊಸ ಅಧಿಸೂಚನೆ ಬೇಡ ಅಂತ 2024ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಒಳಮೀಸಲಾತಿ ನ್ಯಾಯದ ಮಾತು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಓಡೋ ಹುಡುಗನ ವಯಸ್ಸು ಸಂಪುಟದ ಸಭೆಗೆ ಕಾಯೋದಿಲ್ಲ. ಅದಕ್ಕೂ ಮುಂಚೆ ಪಿಎಸ್ಐ ಹಗರಣ ಬೇರೆ. 545 ಹುದ್ದೆಗೆ 2021ರಲ್ಲಿ ಪರೀಕ್ಷೆ ನಡೆಯಿತು, ಪಕ್ಕದ ಕಲಬುರಗಿಯಲ್ಲಿ ಬಣ್ಣ ಬಯಲಾಯ್ತು, 2022ರಲ್ಲಿ ಎಲ್ಲಾ ರದ್ದು. ನೇಮಕಾತಿ ವಿಭಾಗ ನೋಡಿಕೊಂಡಿದ್ದ ಎಡಿಜಿಪಿಯೇ ಜೈಲಿಗೆ ಹೋದರು. ಮರುಪರೀಕ್ಷೆ ಆಗುವಷ್ಟರಲ್ಲಿ 2024. ಪೇದೆಯಾಗಿ ಸೇರಿ, ಓದಿ ಪಿಎಸ್ಐ ಆಗ್ತೀನಿ ಅಂದುಕೊಂಡವನ ಏಣಿ ಅಷ್ಟು ದಿನ ಗೋಡೆಗೆ ಒರಗಿಕೊಂಡೇ ಇತ್ತು.

ಹಂಗೂ ಸೇರಿದವನನ್ನು ಇಟ್ಟುಕೊಳ್ಳೋದು ಹೇಗೆ? ಅಸಲು ರೋಗ ಇರೋದು ಅಲ್ಲಿ. ಹಾಜರಿ ಪುಸ್ತಕದಲ್ಲಿ ಹೆಸರಿದ್ದವರೆಲ್ಲ ಠಾಣೆಯಲ್ಲಿ ಇರೋದಿಲ್ಲ. ಒಬ್ಬ ಕೋರ್ಟಿಗೆ, ಒಬ್ಬ ಸಮನ್ಸ್ ಜಾರಿಗೆ, ಒಬ್ಬ ಕೈದಿ ಜೊತೆ ಬಸ್ಸಿನಲ್ಲಿ, ಉಳಿದವರು ಜಾತ್ರೆಗೆ, ಮಂತ್ರಿಗಳ ಬಂದೋಬಸ್ತಿಗೆ. 2017ರಲ್ಲಿ ಊರೂರಿಗೆ ಒಬ್ಬ ಬೀಟ್ ಪೊಲೀಸ್ ಅಂತ ಹೊಸ ವ್ಯವಸ್ಥೆ ತಂದರು. ವಿಚಾರ ಚಲೋ ಇತ್ತು. ಬೀಟಿನವ ಬಂದೋಬಸ್ತಿಗೆ ಹೋದ ದಿನ ಆ ಊರಿಗೆ ಯಾರು?

ಇನ್ನು ತರಬೇತಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಶೋಧನೆ ಮಾಡಿದರೆ ವಿಡಿಯೋ ಮಾಡಲೇಬೇಕು ಅನ್ನುತ್ತೆ ಹೊಸ ಕಾನೂನು. ಯಾರ ಫೋನಿನಲ್ಲಿ? ಕಲಿಸಿದವರು ಯಾರು, ಎಷ್ಟು ದಿನ? ಇಪ್ಪತ್ತು ವರ್ಷ ಹಳೇ ಸೆಕ್ಷನ್ ಬಾಯಿಪಾಠ ಮಾಡಿದ ಹೆಡ್ ಕಾನ್‌ಸ್ಟೆಬಲ್‌ಗೆ ಎಡಬಲ ಕವಾಯತು ಸಾಲದು.

ಸಂಬಳ ಏರಿಲ್ಲ ಅಂತ ಹೇಳೋ ಹಾಗಿಲ್ಲ. ಔರಾದ್ಕರ್ ಸಮಿತಿ ವರದಿ ಮೇಲೆ 2019ರಲ್ಲಿ ಪೇದೆಯ ಮೂಲವೇತನ 23,500ಕ್ಕೆ ಬಂತು. ಆದರೆ ಬೇರೆ ಜಿಲ್ಲೆಯಿಂದ ಬಂದವನು ಊರಿಗೆ ಹೋಗ್ತೀನಿ ಅಂದರೆ ವರ್ಗಾವಣೆ ಸುಲಭಕ್ಕೆ ಸಿಗೋದಿಲ್ಲ. ಸಿಕ್ಕರೂ ಸೇವಾ ಜ್ಯೇಷ್ಠತೆ ಕಳಕೊಂಡು ಪಟ್ಟಿಯ ಕೊನೆಗೆ ನಿಲ್ಲಬೇಕು. ಹೆಂಡತಿ ಒಂದು ಜಿಲ್ಲೆ, ಗಂಡ ಒಂದು ಜಿಲ್ಲೆ. ಇದನ್ನು ಅವನು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. 1966ರ ಕಾಯಿದೆ ಅವನ ಸಂಘ ಕಟ್ಟುವ ಹಕ್ಕಿಗೆ ಬೀಗ ಹಾಕಿದೆ. 2016ರ ಜೂನ್ 4ಕ್ಕೆ ಸಾಮೂಹಿಕ ರಜೆ ಅಂತ ಕರೆ ಕೊಟ್ಟ ಮುಖಂಡ ಜೈಲು ಕಂಡ. ಅದಕ್ಕೇ ಇಲಾಖೆಯ ಹೊಟ್ಟೆನೋವು ನಮ್ಮಂಥ ಪತ್ರಿಕೆಯವರ ಬಾಯಲ್ಲಿ ಬರ್ತದೆ.

ಮಾನ್ಯ ಗೃಹಮಂತ್ರಿಗಳೇ, ಗುರುಮಠಕಲ್‌ನಂಥ ಗಡಿ ಠಾಣೆಯಲ್ಲಿ ಇಂತಿಷ್ಟು ವರ್ಷ ದುಡಿದವನಿಗೆ ಜ್ಯೇಷ್ಠತೆ ಕಳೆಯದೆ ಊರ ವರ್ಗಾವಣೆ ಕೊಡಿ. ಎಸ್ಪಿ ಸಾಹೇಬರೇ, ಪ್ರತಿ ಠಾಣೆಯ ಬೋರ್ಡಿನ ಮೇಲೆ ಮೂರು ಅಂಕಿ ಬರೆಸಿ: ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದೆಷ್ಟು, ಈ ರಾತ್ರಿ ಠಾಣೆಯಲ್ಲಿ ಇರುವವರೆಷ್ಟು. ಉಸ್ತುವಾರಿ ಮಂತ್ರಿಗಳು ಮುಂದಿನ ಸಲ ಜಿಲ್ಲೆಗೆ ಬಂದಾಗ ಪ್ರವಾಸಿ ಮಂದಿರದಲ್ಲೇ ಕೂರದೆ ಪೊಲೀಸ್ ಕ್ವಾರ್ಟರ್ಸಿಗೂ ಒಂದು ಸುತ್ತು ಬರಲಿ. ಮಳೆ ಇದ್ದ ದಿನವೇ ಬಂದರೆ ಇನ್ನೂ ಚಲೋ.