ಗಡಿಸೀಮೆಯ ನಟರಿಗೆ ಧ್ವನಿ ಕಲಿಸುವವರು ಬೇಕು

ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಿಗೆ ನಾರಾಯಣಪೇಟೆ ಸೀಮೆಯ ಮದ್ದೂರಿನಿಂದ ಒಂದು ಪತ್ರ.

ಮಾನ್ಯರೇ, 1956ರ ನವೆಂಬರ್‌ವರೆಗೆ ಕಲಬುರಗಿ, ರಾಯಚೂರು, ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ ಎಲ್ಲವೂ ಹೈದರಾಬಾದ್ ರಾಜ್ಯದಲ್ಲಿದ್ದವು. ಆಮೇಲೆ ಕಲಬುರಗಿ, ರಾಯಚೂರಿನಿಂದ ನಮ್ಮ ರಾಜ್ಯ ಬೇರೆಯಾದರೂ ಈ ಸೀಮೆಯಲ್ಲಿ ಕನ್ನಡ ಉಳಿದಿದೆ. ಇಲ್ಲಿ ಕನ್ನಡ ನಾಟಕ ಆಡುವವರ ಪರವಾಗಿ ಒಂದು ಬೇಡಿಕೆ ಇಡುತ್ತಿದ್ದೇನೆ.

ನಾಟಕಕ್ಕೆ ನೆರವು ಎಂದರೆ ವೇದಿಕೆ, ಶಾಮಿಯಾನ, ಮೈಕು ಎಂದಷ್ಟೇ ಲೆಕ್ಕ ಹಾಕುತ್ತೇವೆ. ನಟನ ಗಂಟಲು ಯಾವ ಲೆಕ್ಕಕ್ಕೂ ಬರುವುದಿಲ್ಲ. ಹಿಂದೆ ಹಾಗಿರಲಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ಮೊದಲ ತಲೆಮಾರಿನ ನಟರು ಮೈಕಿಲ್ಲದೆ ಕೊನೆಯ ಸಾಲಿಗೂ ಮಾತು ಮುಟ್ಟಿಸಬೇಕಿತ್ತು. ಹಾಡಿನ ತಾಲೀಮೇ ಅವರಿಗೆ ಉಸಿರಿನ ಪಾಠ. ರಾತ್ರಿಯಿಡೀ ನಡೆಯುವ ಬಯಲಾಟವಾದ ದೊಡ್ಡಾಟದಲ್ಲಂತೂ ಪಾತ್ರಧಾರಿ ಎತ್ತಿದ ಪದವನ್ನು ಹಿಮ್ಮೇಳದವರು ಹಿಡಿದು ಮುಂದುವರಿಸುತ್ತಾರೆ. ಅಷ್ಟರಲ್ಲಿ ಆತ ಕುಣಿಯುತ್ತಲೇ ಉಸಿರು ಸುಧಾರಿಸಿಕೊಳ್ಳುತ್ತಾನೆ. ಬೆಳಗಿನವರೆಗೆ ದನಿ ಕಾಪಾಡುವ ಇಂಥ ಜಾಣ್ಮೆ ಬೆಳೆಸಿದವರಲ್ಲಿ ಓದು ಬಾರದ ಹಿರಿಯರೂ ಇದ್ದರು.

ಮೈಕು ಬಂದ ಮೇಲೆ ತಾಲೀಮು ಸೊರಗಿತು, ಅರಚುವುದು ಉಳಿಯಿತು. ಹಾಡಿಗೆ ಹಾರ್ಮೋನಿಯಂ ಪೇಟಿಯಲ್ಲಿ ಹಿಡಿಯುವ ಒಂದೇ ಶ್ರುತಿ ಎಲ್ಲರ ಕಂಠಕ್ಕೂ ಹೊಂದಬೇಕಿಲ್ಲ. ನಿಲುಕದ ಶ್ರುತಿಗೆ ಎಳೆದಾಗ ಕುತ್ತಿಗೆಯ ನರ ಉಬ್ಬುತ್ತವೆ, ಮಾತಿನ ಕೊನೆಯ ಅಕ್ಷರ ನುಂಗಿಹೋಗುತ್ತದೆ. ಧ್ವನಿತಂತುಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಕಂಪಿಸುತ್ತವೆ. ಒತ್ತಡದಲ್ಲಿ ದಿನವೂ ಉಜ್ಜಿದರೆ ಅವುಗಳ ಮೇಲೆ ಗಂಟು ಕಟ್ಟಬಹುದು. ದನಿ ಕೂತಾಗ ಪಿಸುಗುಟ್ಟಿದರೆ ವಿಶ್ರಾಂತಿ ಸಿಗುತ್ತದೆಂಬ ನಂಬಿಕೆಯೂ ತಪ್ಪು, ಹಲವರಿಗೆ ಅದೂ ಗಂಟಲಿಗೆ ಭಾರವೇ. ಬಿಗಿ ಸಡಿಲಿಸಿ ಹೊಟ್ಟೆಯಿಂದ ಉಸಿರು ತೆಗೆಯುವುದು, ಮಾತಿನ ಅರ್ಥ ಮುಗಿಯುವಲ್ಲಿ ನಿಲ್ಲುವುದು, ಆಟಕ್ಕೆ ಮೊದಲು ಮೆಲ್ಲಗೆ ಗುನುಗಿ ದನಿ ಹದಗೊಳಿಸುವುದು, ಇವೆಲ್ಲ ಕಲಿತರೆ ಬರುವ ವಿದ್ಯೆ. ಕಲಿಸುವವರು ಎದುರಿಗಿದ್ದು ತಿದ್ದಬೇಕು.

ತೆಲುಗು ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗ ಹುಡುಗಿಯರಿಗೆ ಇದರ ಅಗತ್ಯ ಇನ್ನೂ ಹೆಚ್ಚು. ಮನೆಯಲ್ಲಿ ಆಡುವ ಕನ್ನಡ ಅವರಿಗೆ ಸಲೀಸು, ನಾಟಕದ ಉದ್ದ ಸಾಲು ಬಂದರೆ ನಾಲಿಗೆ ತಡವರಿಸುತ್ತದೆ. ಗಟ್ಟಿಯಾಗಿ ಓದಿಸಿ ಬಾಯಿಗೆ ರೂಢಿ ಮಾಡಿಸಿದರೆ ಭಾಷೆಯೂ ದಕ್ಕುತ್ತದೆ.

ಕಲಬುರಗಿಯಲ್ಲಿ ರಂಗಾಯಣ ಎಂಬ ನಾಟಕ ಸಂಸ್ಥೆಯಿದೆ. ಅಲ್ಲಿಂದ ಧ್ವನಿ ಪಾಠ ಬಲ್ಲ ಒಬ್ಬರನ್ನು, ಜೊತೆಗೆ ದೊಡ್ಡಾಟದ ಹಳೆಯ ಮಾಸ್ತರೊಬ್ಬರನ್ನು ಸುಗ್ಗಿ ಮುಗಿದ ಮೇಲೆ ಕೆಲವು ವಾರ ಇತ್ತ ಕಳಿಸಿಕೊಡಿ. ಸಂಜೆ ಹೊತ್ತು ಪಾಠವಿರಲಿ, ಹೊಲದ ಕೆಲಸ ಮುಗಿಸಿದವರೂ ಬರಬಹುದು. ಪ್ರಾಧಿಕಾರದ ಈ ವರ್ಷದ ಧನಸಹಾಯದಲ್ಲಿ ಅವರ ಸಂಭಾವನೆಗೆ, ಪ್ರಯಾಣಕ್ಕೆ ಒಂದು ಪಾಲು ತೆಗೆದಿಡಬೇಕೆಂದು ಕೋರುತ್ತೇನೆ.

ಇಂತಿ,
ಮದ್ದೂರಿನ ಒಬ್ಬ ನಾಟಕ ಪ್ರೇಮಿ