ಮನೆಗೆ ಕಂಬಿ ಬಿಡುತ್ತೀರಿ, ವೆಬ್‌ಸೈಟಿಗೆ ಯಾಕಿಲ್ಲ?

ನಮ್ಮ ಕಡೆ ಮನೆ ಕಟ್ಟೋದನ್ನು ನೋಡಿದ್ದೀರಲ್ಲ? ಹುಣಸೂರಿರಲಿ, ಪಿರಿಯಾಪಟ್ಟಣವಿರಲಿ, ಕೆ.ಆರ್.ನಗರ, ಎಚ್.ಡಿ.ಕೋಟೆ ಯಾವುದೇ ಇರಲಿ, ತಾರಸಿ ಹಾಕಿದ ಮೇಲೆ ಪಿಲ್ಲರಿನ ಕಂಬಿಗಳನ್ನು ಎರಡು ಮೂರು ಅಡಿ ಮೇಲಕ್ಕೆ ಹಾಗೇ ಬಿಟ್ಟಿರುತ್ತಾರೆ. ಇವತ್ತು ದುಡ್ಡಿಲ್ಲ, ನಾಳೆ ಮಗನ ಮದುವೆಯಾದರೆ ಮೇಲೊಂದು ಅಂತಸ್ತು ಬೇಕಾಗುತ್ತೆ ಅನ್ನೋ ಲೆಕ್ಕ. ಯಾವ ಕಾಲೇಜಿನಲ್ಲೂ ಕಲಿತ ಬುದ್ಧಿಯಲ್ಲ ಇದು. ಆದರೆ ಅದೇ ಯಜಮಾನರು ಅಂಗಡಿಗೊಂದು ವೆಬ್‌ಸೈಟ್ ಮಾಡಿಸುವಾಗ ಈ ಬುದ್ಧಿ ಎಲ್ಲಿ ಹೋಗುತ್ತೋ ಕಾಣೆ!

"ಸ್ವಲ್ಪ ನಮ್ಮ ಸೈಟ್ ನೋಡಿ ಸಾರ್" ಅಂತ ಈ ನಾಲ್ಕೂ ತಾಲ್ಲೂಕಿನ ಪರಿಚಿತರು ತೋರಿಸಿದ್ದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಎಲ್ಲಾ ಒಂದೇ ಅಚ್ಚು. ಐದು ಪುಟ. ಮೊದಲ ಪುಟದಲ್ಲಿ ಸರಿಯುತ್ತಾ ಹೋಗುವ ನಾಲ್ಕು ಫೋಟೋ, ಅದರಲ್ಲೊಂದು ಸೂಟು ತೊಟ್ಟು ಕೈಕುಲುಕುತ್ತಿರುವ ಇಬ್ಬರು ವಿದೇಶಿಯರದ್ದು. (ಅಕ್ಕಿ ಗಿರಣಿಯ ಸೈಟು ಸ್ವಾಮಿ ಅದು! ಅವರಿಬ್ಬರೇನು ಭತ್ತ ತಂದವರೇ?) 'ನಮ್ಮ ಬಗ್ಗೆ' ಅನ್ನೋ ಪುಟದಲ್ಲಿ ಯಾರದೋ ಇಂಗ್ಲಿಷು. ಫೋನ್ ನಂಬರ್ ಚಿತ್ರದೊಳಗೆ. ಮುಟ್ಟಿದರೆ ಕರೆ ಹೋಗಲ್ಲ, ಹುಡುಕಿದರೆ ಸಿಗಲ್ಲ. ಒಂದು ದರ ಬದಲಿಸಬೇಕು ಅಂದರೆ ಸೈಟ್ ಮಾಡಿಕೊಟ್ಟ ಹುಡುಗನಿಗೆ ಫೋನ್ ಮಾಡಬೇಕು. ಆ ಹುಡುಗ ಬೇರೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿ ಎರಡು ವರ್ಷ ಆಯ್ತು.

ಇದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಇನ್ನೊಂದಿದೆ. ಎಷ್ಟೋ ಕಡೆ ಡೊಮೇನ್ ಹೆಸರು ನೋಂದಣಿಯಾಗಿರೋದು ಮಾಲೀಕರ ಹೆಸರಿನಲ್ಲಲ್ಲ, ಸೈಟ್ ಮಾಡಿದವರ ಹೆಸರಿನಲ್ಲಿ! ಅರ್ಧ ಗುಂಟೆ ಜಾಗಕ್ಕೆ ಪಹಣಿ, ಮ್ಯುಟೇಷನ್, ಇ.ಸಿ. ಅಂತ ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆಯುವ ಜನ ನಾವು. ಅಪ್ಪ ಇಟ್ಟ ಅಂಗಡಿ ಹೆಸರು ಅಂತರ್ಜಾಲದಲ್ಲಿ ಯಾರ ಖಾತೆಯಲ್ಲಿದೆ ಅಂತ ಒಂದು ಸಲವೂ ಕೇಳಲ್ಲ. ಡಾಟ್ ಇನ್ ಹೆಸರುಗಳು 2005ರಿಂದ ಎಲ್ಲರಿಗೂ ಸುಲಭವಾಗಿ ಸಿಗುತ್ತಿವೆ. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಬಾಬ್ತು. ನಿಮ್ಮ ಹೆಸರು, ನಿಮ್ಮ ಮಿಂಚಂಚೆ ಕೊಟ್ಟು ಕೊಂಡರೆ ಮುಗೀತು. ಅದನ್ನು ಮಾಡದೆ ಬಣ್ಣ ಯಾವುದಿರಲಿ ಅಂತ ವಾರಗಟ್ಟಲೆ ಚರ್ಚೆ!

"ಇದೆಲ್ಲ ಯಾಕೆ ಸಾರ್, ವಾಟ್ಸಾಪ್ ಇದೆ, ಇನ್‌ಸ್ಟಾಗ್ರಾಮ್ ಇದೆ, ಪುಕ್ಕಟೆ" ಅನ್ನುತ್ತಾರೆ. ಇರಲಿ, ಪುಕ್ಕಟೆಯ ಕಥೆ ಹೇಳುತ್ತೇನೆ ಕೇಳಿ. ಆರ್ಕುಟ್ 2014ರಲ್ಲಿ ಮುಚ್ಚಿತು. ಟಿಕ್‌ಟಾಕ್ 2020ರ ಜೂನ್‌ನಲ್ಲಿ ನಮ್ಮ ದೇಶದಲ್ಲಿ ನಿಷೇಧವಾಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಒಟ್ಟಿಗೆ ಹಲವು ತಾಸು ಮಲಗಿದವು. ಗೂಗಲ್ ಸಣ್ಣ ವ್ಯಾಪಾರಿಗಳಿಗೆ ಬಿಸಿನೆಸ್ ಪ್ರೊಫೈಲ್ ಜೊತೆ ಪುಕ್ಕಟೆ ವೆಬ್‌ಸೈಟ್ ಕೊಟ್ಟಿತ್ತಲ್ಲ, ಅದನ್ನೂ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಬೋರ್ಡಿನ ಮೇಲೆ, ಬಿಲ್ ಪುಸ್ತಕದ ಮೇಲೆ ಆ ವಿಳಾಸ ಅಚ್ಚು ಹಾಕಿಸಿದವರ ಗತಿ ಏನು?

ಚುಂಚನಕಟ್ಟೆ ಜಾತ್ರೆಯಲ್ಲಿ ಅಂಗಡಿ ಹಾಕಿ, ಬೇಡ ಅನ್ನಲ್ಲ. ವ್ಯಾಪಾರ ಚೆನ್ನಾಗೇ ಆಗುತ್ತೆ. ಆದರೆ ಜಾತ್ರೆ ಮುಗಿದ ಮೇಲೆ ಗಿರಾಕಿ ಎಲ್ಲಿಗೆ ಬರಬೇಕು? ಆ ಕಾಯಂ ವಿಳಾಸವೇ ನಿಮ್ಮ ವೆಬ್‌ಸೈಟು. (ಈ ನನ್ನ ಬ್ಲಾಗೂ ಪುಕ್ಕಟೆ ಜಾಗದಲ್ಲೇ ಇದೆ ಅಂತ ಕೊಂಕು ತೆಗೆಯಬೇಡಿ. ನಾನಿಲ್ಲಿ ಅಕ್ಕಿ ಮಾರುತ್ತಿಲ್ಲ :))

ಬೆಳೆಯುವ ಹಾಗೆ, ಬದಲಾಗುವ ಹಾಗೆ ಯಾಕೆ ಇರಬೇಕು ಅಂದಿರಾ? ನಮ್ಮ ಊರುಗಳನ್ನೇ ನೋಡಿ.

ಹುಣಸೂರು, ಪಿರಿಯಾಪಟ್ಟಣ ಅಂದರೆ ಹೊಗೆಸೊಪ್ಪು. ವರ್ಜೀನಿಯಾ ಬೆಳೆದ ರೈತ ತಂಬಾಕು ಮಂಡಳಿಯ ಹರಾಜಿನಲ್ಲೇ ಮಾರಬೇಕು, ಅವನಿಗೆ ವೆಬ್‌ಸೈಟ್ ಬೇಕಿಲ್ಲ. ಆದರೆ ಅವನಿಗೆ ಗೊಬ್ಬರ, ಪೈಪು ಮಾರುವ ಅಂಗಡಿಗೆ ಬೇಕು. ಆ ಅಂಗಡಿಯವರು ಸೈಟಿನ ಹೆಸರಿನಲ್ಲೇ 'ಟೊಬ್ಯಾಕೊ' ಅಂತ ಸೇರಿಸಿಕೊಂಡರೆ? ಭಾರತ ಸರ್ಕಾರ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು 2004ರಲ್ಲೇ ಅನುಮೋದಿಸಿದೆ. ನಾಳೆ ಗಿರಾಕಿ ಶುಂಠಿಗೋ ಅಡಿಕೆಗೋ ತಿರುಗಿದರೆ ಹೆಸರು ಮಾತ್ರ ಹೊಗೆಸೊಪ್ಪಿನದ್ದೇ ಉಳಿಯುತ್ತೆ. ಹೆಸರು ಮನೆತನದ್ದೋ ಊರಿನದ್ದೋ ಇರಲಿ, ಸರಕು ಬದಲಾಗಲಿ.

ಎಚ್.ಡಿ.ಕೋಟೆ ಕಡೆ ಕಬಿನಿ ಹಿನ್ನೀರಿನ ಸುತ್ತ ಇರುವ ವಸತಿಗಳವರು ಮೊದಲ ಪುಟದ ತುಂಬ ಸಫಾರಿ ಜೀಪು, ಹುಲಿ ಹಾಕಿಕೊಂಡಿರುತ್ತಾರೆ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ಜನ ಸತ್ತ ಮೇಲೆ ನಾಗರಹೊಳೆ, ಬಂಡೀಪುರದ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತು. ಅಂಥ ದಿನ "ಸಫಾರಿ ಇಲ್ಲ, ಮುಂಗಡ ಕೊಟ್ಟವರು ಹೀಗೆ ಮಾಡಿ" ಅಂತ ಸಂಜೆಯೊಳಗೆ ಮಾಲೀಕರೇ ಎರಡು ಸಾಲು ಬರೆಯಲು ಆಗಬೇಕು. ಆಗದಿದ್ದರೆ ಆ ಸೈಟು ನಿಮ್ಮ ಪರವಾಗಿ ಸುಳ್ಳು ಹೇಳುತ್ತಾ ನಿಂತಿರುತ್ತೆ.

ಕೆ.ಆರ್.ನಗರದ ಗಿರಣಿಗೆ ದರವೇ ಸುದ್ದಿ. ದರ ಒಂದೇ ಕಡೆ ಬರೆದಿರಬೇಕು, ಬೇಕಾದ ಪುಟಗಳಿಗೆಲ್ಲ ಅಲ್ಲಿಂದಲೇ ಹೋಗಬೇಕು. ಐದು ಪುಟದಲ್ಲಿ ಐದು ದರ ಇದ್ದರೆ ಗಿರಾಕಿ ಯಾವುದನ್ನು ನಂಬಬೇಕು?

ಹಾಗಾದರೆ ವೆಬ್‌ಸೈಟಿನ ಕಂಬಿ ಯಾವುದು? ಮೊದಲನೆಯದು ಹೆಸರು, ಅದು ನಿಮ್ಮದಿರಬೇಕು. ಎರಡನೆಯದು ಬರಹ. ಚಿತ್ರದೊಳಗೆ ಹೂತ ಅಕ್ಷರವಲ್ಲ, ಹಳೇ ನುಡಿ-ಬರಹ ಫಾಂಟಿನ ಅಕ್ಷರವೂ ಅಲ್ಲ, ಯುನಿಕೋಡ್ ಕನ್ನಡ. ಪಿರಿಯಾಪಟ್ಟಣವನ್ನು ಇಂಗ್ಲಿಷಿನಲ್ಲಿ ಒಬ್ಬರು 'ಪೆರಿಯಾ' ಅಂತಾರೆ, ಇನ್ನೊಬ್ಬರು 'ಪಿರಿಯಾ' ಅಂತಾರೆ. ಇಂಗ್ಲಿಷು ಬೇಕು, ಹಾಕಿ, ಕನ್ನಡ ಬಿಡಬೇಡಿ. ಮೂರನೆಯದು ಪುಟದ ವಿಳಾಸ. ಪ್ರತಿ ಸರಕಿಗೂ ಸೇವೆಗೂ ಒಂದೊಂದು ಪುಟ ಕೊಟ್ಟರೆ ನಾಳೆ ಹತ್ತು ಸೇರಿಸಬಹುದು. ಕೊಟ್ಟ ವಿಳಾಸ ಬದಲಿಸಬಾರದು, ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ ದಾರಿ ಮಾಡಿರಬೇಕು. ನಾಲ್ಕನೆಯದು ಎಲ್ಲವನ್ನೂ ಗಂಟು ಕಟ್ಟಿ ಹೊರಡುವ ಸೌಲಭ್ಯ. 2003ರಲ್ಲಿ ಶುರುವಾದ ವರ್ಡ್‌ಪ್ರೆಸ್‌ನಂಥ ಮುಕ್ತ ತಂತ್ರಾಂಶ ಬಳಸಿದರೆ ಇವತ್ತು ಒಬ್ಬರು ಬಿಟ್ಟು ಹೋದರೂ ನಾಳೆ ಇನ್ನೊಬ್ಬರು ಮುಂದುವರಿಸುತ್ತಾರೆ.

ಇಷ್ಟಿದ್ದರೆ ಶುರುವಿಗೆ ಎರಡೇ ಪುಟ ಸಾಕು. ಅಂಗಡಿ ಎಲ್ಲಿದೆ, ಏನು ಸಿಗುತ್ತೆ, ಎಷ್ಟು ಹೊತ್ತು ತೆರೆದಿರುತ್ತೆ, ಫೋನ್ ನಂಬರ್. ಆನ್‌ಲೈನ್ ಪಾವತಿ, ಬುಕಿಂಗ್ ಎಲ್ಲ ಮೊದಲ ದಿನವೇ ಬೇಕು ಅಂತ ಲಕ್ಷ ಸುರಿಯಬೇಡಿ. ಗಿರಾಕಿ ಕೇಳಲು ಶುರುಮಾಡಿದಾಗ ಸೇರಿಸಿ. ಆದರೆ ಸೇರಿಸಲು ಜಾಗ ಇರಲಿ.

ಸೈಟ್ ಮಾಡಿಕೊಡುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಐದು ಸಾವಿರಕ್ಕೆ ಚೌಕಾಸಿ ಮಾಡಿದರೆ ಐದು ಸಾವಿರದ ಕೆಲಸವೇ ಬರುತ್ತೆ. ವರ್ಷ ವರ್ಷ ಸುಣ್ಣ ಬಣ್ಣಕ್ಕೆ ದುಡ್ಡಿಡುವವರು ಸೈಟಿನ ಉಸ್ತುವಾರಿಗೂ ಒಂದಿಷ್ಟು ಇಡಬೇಕು. ಆದರೆ ದುಡ್ಡು ಕೊಡುವ ಮೊದಲು ಮೂರೇ ಮೂರು ಪ್ರಶ್ನೆ ಕೇಳಿ: ಡೊಮೇನ್ ಯಾರ ಹೆಸರಿನಲ್ಲಿ? ದರ ಬದಲಿಸೋದು ನನಗೆ ಹೇಳಿಕೊಡ್ತೀಯಾ? ನಾಳೆ ನೀನಿಲ್ಲದಿದ್ದರೆ ನನ್ನ ಸಾಮಾನೆಲ್ಲ ಹೇಗೆ ತಗೊಂಡು ಹೋಗಲಿ?

ಮೂರಕ್ಕೂ ನೇರ ಉತ್ತರ ಬಂದರೆ ಮುಂಗಡ ಕೊಡಿ. ತಡವರಿಸಿದರೆ ಟೀ ಕುಡಿಸಿ ಕಳಿಸಿಬಿಡಿ.