ಎಂಆರ್‌ಐ ಸಿಬ್ಬಂದಿ ಯಾರ ಲೆಕ್ಕಕ್ಕೂ ಇಲ್ಲ

ಸಿ.ಟಿ. ಕೊಠಡಿಯ ತಂತ್ರಜ್ಞರ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರಲೇಬೇಕು. ಮೂರು ತಿಂಗಳಿಗೊಮ್ಮೆ ಅದು ಪ್ರಯೋಗಾಲಯಕ್ಕೆ ಹೋಗುತ್ತದೆ, ಮೈಗೆ ತಾಕಿದ ವಿಕಿರಣದ ಲೆಕ್ಕ ದಾಖಲಾಗುತ್ತದೆ. ತಪ್ಪಿದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಕೇಳುತ್ತದೆ. ಪಕ್ಕದ ಎಂಆರ್‌ಐ ಕೊಠಡಿಯಲ್ಲಿ ದುಡಿಯುವವರನ್ನು ಕೇಳುವವರಿಲ್ಲ. ಕಾಂತಕ್ಷೇತ್ರ ಅಯಾನೀಕಾರಕ ವಿಕಿರಣವಲ್ಲ, ಆದ್ದರಿಂದ ಮಂಡಳಿಯ ವ್ಯಾಪ್ತಿಗೆ ಬಾರದು. ಸರಿ, ಯಾರ ವ್ಯಾಪ್ತಿಗೆ ಬರುತ್ತದೆ? ಇದಕ್ಕೆ ನೇರ ಉತ್ತರ ಕೊಡದಿರುವುದು ಸರ್ಕಾರದ ಹೊಣೆಗೇಡಿತನ.

ಯಂತ್ರ ಕೂರಿಸಿದಾಗಲೇ ಕಂಪನಿಯವರು ಅಳತೆ ಮಾಡಿ ಐದು ಗಾಸ್ ಗೆರೆ ತೋರಿಸಿಕೊಟ್ಟಿದ್ದಾರೆ ಎಂಬ ಸಮಜಾಯಿಷಿಯನ್ನು ಒಪ್ಪಲಾಗದು. ಆ ಗೆರೆ ಇರುವುದು ಪೇಸ್‌ಮೇಕರ್ ಹಾಕಿಸಿಕೊಂಡವರು ಒಳಗೆ ಬಾರದಿರಲೆಂದು. ದಿನವಿಡೀ ಗೆರೆಯೊಳಗೇ ಓಡಾಡುವವರಿಗೆ ಅದು ಯಾವ ಕಾವಲು? ರೋಗಿಯ ತಲೆಗೆ ಕಾಯಿಲ್ ತೊಡಿಸುವ ತಂತ್ರಜ್ಞೆ, ಅರಿವಳಿಕೆ ಕೊಟ್ಟ ಮಗುವಿನ ಉಸಿರಾಟ ನೋಡಲು ಯಂತ್ರದ ಸುರಂಗದೊಳಕ್ಕೆ ಬಗ್ಗುವ ವೈದ್ಯ, ಒಳಗೆ ಕೈ ಚಾಚಿ ಒರೆಸುವ ಸ್ವಚ್ಛತಾ ಕಾರ್ಮಿಕೆ, ಇವರೆಲ್ಲ ನಿಲ್ಲುವುದು ಸುರಂಗದ ಬಾಯಲ್ಲಿ. ಕ್ಷೇತ್ರದ ಬಲ ಕಡಿದಾಗಿ ಏರುವುದೂ ಅಲ್ಲೇ. 3 ಟೆಸ್ಲಾ ಯಂತ್ರದ ಬಲವೆಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 60,000 ಪಟ್ಟು. ಅಲ್ಲಿ ಸರಕ್ಕನೆ ತಲೆ ತಿರುಗಿಸಿದರೆ ದೇಹದೊಳಗೆ ವಿದ್ಯುತ್ ಪ್ರೇರಣೆಯಾಗಿ ತಲೆಸುತ್ತು, ವಾಕರಿಕೆ, ಬಾಯಲ್ಲಿ ಲೋಹದ ರುಚಿ ಕಾಣಿಸಿಕೊಳ್ಳಬಹುದು. ಕ್ಯಾನ್ಸರ್ ಎಂದು ಹೆದರಿಸುವವರ ಸಾಲಿಗೆ ನಾವು ಸೇರುವುದಿಲ್ಲ, ಅದಕ್ಕೆ ಪುರಾವೆಯಿಲ್ಲ. ಆದರೆ ತಲೆ ಸುತ್ತುವವರ ಕೈಯಲ್ಲಿ ಕೆಲವೊಮ್ಮೆ ಸೂಜಿ ಇರುತ್ತದೆ.

ಅಳತೆಗೋಲು ಇಲ್ಲವೆಂದಲ್ಲ. ತಲೆ ಮತ್ತು ಮುಂಡಕ್ಕೆ 2 ಟೆಸ್ಲಾ, ಕೈಕಾಲಿಗೆ 8 ಟೆಸ್ಲಾ ಎಂದು ಅಯಾನೀಕಾರಕವಲ್ಲದ ವಿಕಿರಣದಿಂದ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗವಾದ ಐಸಿಎನ್‌ಐಆರ್‌ಪಿ 2009ರಲ್ಲೇ ನೌಕರರಿಗೆ ಮಿತಿ ಸೂಚಿಸಿದೆ. ರೇಡಿಯಾಲಜಿ ವಲಯದ ಪ್ರತಿರೋಧಕ್ಕೆ ಮಣಿದ ಯುರೋಪ್, 2013ರ ನಿರ್ದೇಶನದಲ್ಲಿ ಎಂಆರ್‌ಐಗೆ ಇಂಥ ಮಿತಿಗಳಿಂದ ಷರತ್ತಿನ ವಿನಾಯಿತಿ ಕೊಟ್ಟಿತು. ಮಿತಿ ಸಡಿಲಿಸಿತೇ ಹೊರತು ಅಪಾಯವನ್ನು ಅಂದಾಜಿಸುವ ಹೊಣೆಯಿಂದ ಮಾಲೀಕರನ್ನು ಬಿಡಲಿಲ್ಲ. ನಮ್ಮಲ್ಲಿ? ಮೊಬೈಲ್ ಗೋಪುರಗಳ ವಿಕಿರಣವನ್ನು ಇದೇ ಆಯೋಗದ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿ 2012ರಲ್ಲಿ ಬೆನ್ನು ತಟ್ಟಿಕೊಂಡ ಸರ್ಕಾರ ನಮ್ಮದು. ಗೋಪುರದ ಕೆಳಗೆ ಮತದಾರರು ಹೆಚ್ಚು, ಎಂಆರ್‌ಐ ಕೊಠಡಿಯಲ್ಲಿ ಇಬ್ಬರೋ ಮೂವರೋ!

ಅಳೆಯಬೇಕಾದದ್ದು ಖಾಲಿ ಕೋಣೆಯನ್ನಲ್ಲ, ಕೆಲಸ ಮಾಡುವ ಮೈಯನ್ನು. ಮೈಗೆ ಕಟ್ಟಿಕೊಳ್ಳುವ ಮಾಪಕಗಳು ಇವೆ. ಪಾಳಿಯುದ್ದಕ್ಕೂ ಅವುಗಳಿಂದ ಅಳೆದು, ವರದಿಯ ಪ್ರತಿಯನ್ನು ನೌಕರರ ಕೈಗೇ ಕೊಡಬೇಕು. ಕರ್ನಾಟಕ ದೆಹಲಿಯ ದಾರಿ ಕಾಯಬೇಕಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಗೆ ಇದನ್ನು ಷರತ್ತಾಗಿಸಲಿ. ಸರ್ಕಾರಿ ಆಸ್ಪತ್ರೆಗಳಿಗಾದರೆ ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು.